ಬಾಗಿಲೆದುರಿನ ಒಂದು ಮೊಳ

ಬುಧವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯೆರೂಸಲೇಮಿನ ದಕ್ಷಿಣದಂಚಿನಲ್ಲಿ ಏಳುತ್ತಿರುವ ಈ ಹೊಸ ಕಟ್ಟಡಕ್ಕೆ ಲಿಫ್ಟೂ ಬಂದಿಲ್ಲ. ಕಂಬಿ ಹಿಡಿದು ನಿಧಾನಕ್ಕೆ ಮೆಟ್ಟಿಲೇರಿ ಬಂದ ನಹೂಮ್ ಆಮೇದಿ, ಕೋಟನ್ನು ಮೊಳೆಯೊಂದಕ್ಕೆ ತಗುಲಿಸಿ ಬರಿಗೋಡೆಗೆ ನೀರು ಚಿಮುಕಿಸುತ್ತಿದ್ದಾರೆ. ಕಿಟಕಿಗೆ ಗಾಜು ಕೂರಿಸಿಲ್ಲ. ಡಿಸೆಂಬರಿನ ಗಾಳಿ ಹೇಳದೆ ಕೇಳದೆ ಒಳಗೆ ನುಗ್ಗುತ್ತದೆ. ಅರವತ್ತೆಂಟರ ಈ ಗಾರೆ ಕೆಲಸದವರ ಮೊಣಕಾಲುಗಳು ಎಂದೋ ಮುಷ್ಕರ ಹೂಡಿವೆ. ಕೈಗೆ ಮಾತ್ರ ವಯಸ್ಸಾದ ಸುದ್ದಿ ಇನ್ನೂ ಮುಟ್ಟಿಲ್ಲ.

ಗಾರೆ ಮೆತ್ತುವ ಮೊದಲು ಅವರು ಒಂದು ಕೆಲಸ ಮಾಡುತ್ತಾರೆ. ಬಾಗಿಲಿಗೆ ನೇರ ಎದುರಿನ ಗೋಡೆಗೆ ತಮ್ಮ ಮೊಣಕೈ ಒತ್ತಿಟ್ಟು, ನಡುಬೆರಳು ಮುಟ್ಟಿದಲ್ಲಿ ಪೆನ್ಸಿಲಿನ ಗೀರು ಹಾಕುತ್ತಾರೆ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. ಅಷ್ಟು ಚೌಕವನ್ನು ಬಿಟ್ಟು ಸುತ್ತ ಗಾರೆ ಬೀಳುತ್ತದೆ. ಚೌಕದೊಳಗೆ ಬೋಳು ಇಟ್ಟಿಗೆ ಹಾಗೇ ಉಳಿಯುತ್ತದೆ.

"ವಯಸ್ಸಾದಂಗೆ ನಿನ್ನ ಕೈ ಕುಗ್ಗಿದೆ ಕಣಯ್ಯಾ. ಚೌಕಾನೂ ಚಿಕ್ಕದಾಗ್ತಾ ಬಂತು," ಎಂದು ಮೂಲೆಯಲ್ಲಿ ಗಾರೆ ಕಲಸುತ್ತಿರುವ ನಯೀಮ್ ರೇಗಿಸುತ್ತಾನೆ. ಪಕ್ಕದ ಬೆತ್ ಸಫಾಫಾ ಊರಿನ ಅರಬ ಅವನು. ಮದುವೆಯಾಗುವ ಮೊದಲಿಂದ ನಹೂಮರ ಜೊತೆ ಕೆಲಸ ಮಾಡುತ್ತಿದ್ದಾನೆ, ಈಗ ಮೊಮ್ಮಕ್ಕಳಿದ್ದಾರೆ.

"ನಿನ್ನ ಗಾರೇಲಿ ಮರಳು ಜಾಸ್ತಿ. ಮೊದ್ಲು ಅದ್ ನೋಡ್ಕೊ," ಎನ್ನುತ್ತಾರೆ ನಹೂಮ್. ಆಮೇಲೆ ಗೋಡೆಯಿಂದ ಮುಖ ತಿರುಗಿಸದೆ, "ನಾಳೆ ನಾನ್ ಬರಲ್ಲ. ಅಮ್ಮನ ಮನೇಲಿ ಗಾರೆ ಕೆಲಸ ಇದೆ."

ನಯೀಮನ ಸಲಿಕೆ ನಿಲ್ಲುತ್ತದೆ. "ಭಾನುವಾರ ಒಡೆಯೋ ಮನೇಲಾ?"

ನಹೂಮರ ಕರಣೆ ಗೋಡೆಯ ಮೇಲೆ ಆಡುತ್ತಲೇ ಇರುತ್ತದೆ.

ಎರಡು ಸಾವಿರ ವರ್ಷದ ಹಿಂದೆ ಯೆರೂಸಲೇಮಿನ ಗುಡಿ ಉರಿದು, ಜನ ದಿಕ್ಕಾಪಾಲಾಗಿ ಚದುರಿದ ಮೇಲೆ ಯೆಹೂದಿ ಹಿರಿಯರು ಹಾಕಿದ ಕಟ್ಟಳೆ ಈ ಚೌಕ. ಮನೆ ಕಟ್ಟು, ಸುಣ್ಣ ಬಳಿ, ಚೆಂದ ಮಾಡು. ಆದರೆ ಬಾಗಿಲು ತೆರೆದವನ ಕಣ್ಣಿಗೆ ಬೀಳುವಲ್ಲಿ ಒಂದು ಮೊಳ ಬರಿಗೋಡೆ ಬಿಡು. ಯೆರೂಸಲೇಮು ಹಾಳಾಗಿರುವಾಗ ನಿನ್ನ ಮನೆ ಪೂರ್ತಿಯಾಗಕೂಡದು. ಮನೆ ಕಟ್ಟಿ ನೋಡು ಎಂದು ಗಾದೆ ಹೇಳುತ್ತದೆ. ಇವರದು ಕಟ್ಟಿದ ಮೇಲೂ ಮುಗಿಸಬಾರದೆಂಬ ನೇಮ. ಈಗಿನವರಲ್ಲಿ ಬಹುಪಾಲು ಮಂದಿಗೆ ಅದೆಲ್ಲ ಬೇಡ. ಬಿಟ್ಟವರಲ್ಲೂ ಕೆಲವರು ಅದರ ಮೇಲೆ ಟೀವಿ ತೂಗುಹಾಕಿ ಕೈತೊಳೆದುಕೊಳ್ಳುತ್ತಾರೆ. ಬೇಕೆನ್ನುವವರು ಮಾತ್ರ ನಹೂಮರನ್ನು ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಇವರು ಬಿಟ್ಟ ಚೌಕದ ಅಂಚು ಚೂರೂ ಉದುರುವುದಿಲ್ಲ. ಬಿಟ್ಟ ಕೆಲಸಕ್ಕೆ ಹೆಸರಾದ ಕೆಲಸಗಾರ ಈ ಊರಲ್ಲಿ ಇವರೊಬ್ಬರೇ ಇರಬೇಕು.

ನಹೂಮರ ಮನೆತನದ ಮೂಲ ಆಮೇದಿಯಾ, ಕುರ್ದರ ಬೆಟ್ಟಸೀಮೆಯ ಊರು. ಯುರೋಪಿನ ನಗರಗಳಲ್ಲಿ ಕೋಟು ತೊಟ್ಟವರು ಸಭೆ ಸೇರಿ, ಯೆಹೂದಿಗಳಿಗೊಂದು ನಾಡು ಬೇಕೆಂದು ಠರಾವು ಬರೆದಾಗ ಈ ಬೆಟ್ಟಕ್ಕೆ ಅದರ ಗಾಳಿಯೂ ಬೀಸಿರಲಿಲ್ಲ. ಅಲ್ಲಿದ್ದದ್ದು ಮಣ್ಣಿನ ಗೋಡೆಯ ಮೇಲೊಂದು ಬರಿ ಚೌಕ, ಅಷ್ಟೆ. ನಹೂಮರ ಅಜ್ಜ ದಿನಾ ಅದರ ಮುಂದೆ ಹಾದುಹೋಗುತ್ತ, "ಊರಿಗೆ ಹೋದ ಮೇಲೆ ಮುಚ್ಚೋಣ" ಎನ್ನುತ್ತಿದ್ದನಂತೆ. ತಾನು ಕಾಣದ ಊರು, ತನ್ನಪ್ಪನೂ ಕಾಣದ ಊರು. ಆದರೂ ಊರು ಎಂದರೆ ಅದೇ.

ಅಜ್ಜ ಅಲ್ಲೇ ಮಣ್ಣಾದ. ಮಗ ಶಾಬೊ, ಸೊಸೆ ಹಾಜಾಲೆ, ಅಂದರೆ ನಹೂಮರ ಅಪ್ಪ ಅಮ್ಮ, ತೊಟ್ಟಿಲ ಕೂಸಾಗಿದ್ದ ಅಣ್ಣ ಸಾಸೋನನ ಜೊತೆ ಬಾಗ್ದಾದಿನಿಂದ ಹೊಸದಾಗಿ ಹುಟ್ಟಿದ ಯೆಹೂದಿ ರಾಜ್ಯಕ್ಕೆ ವಿಮಾನ ಹತ್ತಿ ಬಂದರು. ಇಳಿದ ಕೂಡಲೇ ತಲೆಗೆ ಹೇನಿನ ಪುಡಿ ಎರಚಿ ಸ್ವಾಗತಿಸಿದರು. ಡೇರೆ, ಆಮೇಲೆ ತಗಡಿನ ಗುಡಿಸಲು, ಕೆಸರು. ನಾಡು ಕಟ್ಟಬೇಕು ಎಂದು ಶಾಬೊನ ಕೈಗೆ ಕರಣೆ ಕೊಟ್ಟರು. ಕಟ್ಟಿದ, ಮೊದಲು ಬಂದವರ ಮನೆಗಳನ್ನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ನಿಜ; ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಎಂಬುದನ್ನು ಗಾದೆ ಹೇಳುವುದಿಲ್ಲ. ಕಡೆಗೆ ಕತಮೋನಿಮ್ ಕೇರಿಯಲ್ಲಿ, ರೈಲು ಬೋಗಿಯಂಥ ಉದ್ದನೆಯ ಕಟ್ಟಡದಲ್ಲಿ, ಎರಡು ಕೋಣೆಯ ಮನೆ ಸಿಕ್ಕಿತು.

ಆ ಮನೆಯ ಗೋಡೆಗೆ ಶಾಬೊ ತಾನೇ ಗಾರೆ ಮಾಡಿದ. ಪೂರ್ತಿ ಮಾಡಿದ. ಬಾಗಿಲೆದುರಿನ ಮೊಳವನ್ನೂ ಬಿಡಲಿಲ್ಲ. ಕೇರಿಯ ಧರ್ಮಗುರು ಹಖಾಮರು ಬಂದು, "ಗುಡಿ ಇನ್ನೂ ಎದ್ದಿಲ್ಲ ಶಾಬೊ, ಹೀಗೆ ಮುಚ್ಚೋದು ತಪ್ಪು," ಎಂದರೆ, ಅವರ ಕೈಹಿಡಿದು ಕಿಟಕಿಯ ಬಳಿ ಕರೆದೊಯ್ದನಂತೆ. "ಅದೋ ನೋಡಿ, ಯೆರೂಸಲೇಮು. ಮನೆಗೆ ಬಂದೋನು ಮನೆ ಇಲ್ಲಾಂತ ಯಾಕ್ ಅಳ್ಬೇಕು ಹಖಾಮ್? ನಮ್ಮಪ್ಪ ಹೇಳಿದ್ದ, ಬಂದ ಮೇಲೆ ಮುಚ್ಚು ಅಂತ. ಮುಚ್ದೆ." ಹಖಾಮರು ಚಹಾ ಕುಡಿಯದೆ ಹೊರಟುಹೋದರು. ನಹೂಮ್ ಹುಟ್ಟಿದ್ದು ಆ ಪೂರ್ತಿ ಗೋಡೆಯ ಮನೆಯಲ್ಲೇ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸಾಸೋನಿಗೆ ಇಪ್ಪತ್ತಮೂರಾದ ವರ್ಷ, ವರ್ಷದ ದೊಡ್ಡ ಉಪವಾಸದ ದಿನ, ಪ್ರಾರ್ಥನೆಯ ನಡುವೆಯೇ ಯುದ್ಧಕ್ಕೆ ಕರೆ ಬಂತು. ಹೊಟ್ಟೆಗಿಲ್ಲದೆ ಹೋದ. ಗಡಿಯ ಕಾಲುವೆಯ ಆಚೆ ಎಲ್ಲೋ ಟ್ಯಾಂಕಿನಲ್ಲಿ ಸುಟ್ಟುಹೋದ. ಏಳು ದಿನದ ಸೂತಕ ಮುಗಿದ ಮರುಬೆಳಗ್ಗೆ ಶಾಬೊ ಉಳಿ ಸುತ್ತಿಗೆ ತಂದು, ಬಾಗಿಲೆದುರಿನ ಗೋಡೆಯ ಒಂದು ಮೊಳವನ್ನು ಕೆತ್ತಿ ಉದುರಿಸಿದ. ನಹೂಮ್ ಆಗ ಹದಿಹರೆಯದ ಹುಡುಗ. ಹಾಸಿಗೆಯಿಂದ ಎದ್ದು ನೋಡಿದಾಗ ಅಪ್ಪನ ಮೀಸೆಯ ತುಂಬ ಬಿಳಿ ಪುಡಿ.

"ಅಪ್ಪ ಪುಡಿ ಗುಡಿಸಿ ಕೆಲಸಕ್ಕೆ ಹೋದ," ಎನ್ನುತ್ತಾರೆ ನಹೂಮ್. "ಸಾಯೋವರೆಗೂ ಮುಚ್ಚಲಿಲ್ಲ. ನಾನು ಗಾರೆ ಕಲಿತಾಗ ಮೊದ್ಲು ಕಲಿಸಿದ್ದೇ ಎಲ್ಲಿ ಮೆತ್ಬಾರ್ದು ಅನ್ನೋದು."

ಬೆಳಗಿನ ಚಹಾದ ಹೊತ್ತಿಗೆ ಈ ಕತೆ ಬಂದರೆ ನಯೀಮನಿಗೂ ಹೇಳುವುದಿರುತ್ತದೆ. ಅವನ ಅಜ್ಜನ ಊರು ಮಾಲ್ಹಾ, ಈ ಕಿಟಕಿಯಿಂದಲೇ ಕಾಣುತ್ತದೆ. ರಾಜ್ಯ ಹುಟ್ಟಿದ ವರ್ಷದ ಯುದ್ಧದಲ್ಲಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟವರು ಮತ್ತೆ ಆ ಮನೆಗೆ ಕಾಲಿಡಲಿಲ್ಲ. "ನಿಮ್ದು ಒಂದು ಮೊಳ," ಎಂದು ಅವನು ಒಮ್ಮೆ ಕೇಳಿದ್ದನಂತೆ. "ನಮ್ಮಜ್ಜಂದು ಇಡೀ ಮನೆ. ನಾನು ಎಷ್ಟಗಲ ಬಿಡ್ಲಿ, ನೀನೇ ಹೇಳು ನಹೂಮ್."

"ನೀವೇನು ಹೇಳಿದಿರಿ?" ಎಂದು ನಹೂಮರನ್ನು ಕೇಳಿದರೆ,

"ಏನ್ ಹೇಳೋದು? ಚಹಾ ಕೊಟ್ಟೆ."

ಈಗ ಕತಮೋನಿಮ್‌ನ ಆ ಬೋಗಿ ಕಟ್ಟಡಗಳ ಕಾಲ ಮುಗಿದಿದೆ. ಒಡೆದು ಗೋಪುರ ಎಬ್ಬಿಸುತ್ತಾರೆ. ನೆರೆಯವರೆಲ್ಲ ಗಂಟುಮೂಟೆ ಕಟ್ಟಿ ಹೋದರು. ಉಳಿದದ್ದು ತೊಂಬತ್ತು ದಾಟಿದ ಹಾಜಾಲೆ ಒಬ್ಬರೇ. ಬಾಗಿಲಿಗೆ ಬೆನ್ನು ಮಾಡಿ, ಚೌಕಕ್ಕೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂತವರು ಏಳುವುದಿಲ್ಲವೆಂದರು. ಕಟ್ಟಡ ಕಂಪನಿಯ ಯುವಕನೊಬ್ಬ ಮನವೊಲಿಸಲು ಬಂದ. "ಮದುವೆ ಆಗಿದ್ಯೇನಪ್ಪಾ?" ಎಂದು ಕೇಳಿದರು. ಇಲ್ಲವೆಂದ. "ಹಂಗಾದ್ರೆ ಮೊದ್ಲು ಮನೆ ಅಂದ್ರೇನೂಂತ ತಿಳ್ಕೊ, ಆಮೇಲೆ ಬಾ," ಎಂದು ಮಾಂಸ ತುಂಬಿದ ಕುಬ್ಬೆ ಉಂಡೆಯ ಸಾರು ಬಡಿಸಿ ಉಣಿಸಿ ಕಳಿಸಿದರು.

ಮುದುಕಿಗೆ ಆ ಚೌಕ ಬಿಟ್ಟು ಬರಲಾಗದು ಎಂದೇ ಎಲ್ಲರೂ ತಿಳಿದರು. ನಹೂಮರೂ ಹಾಗೇ ತಿಳಿದರು. ಹೋದ ಶನಿವಾರ ಊಟದ ಮೇಲೆ ಅಮ್ಮನ ಕಾಲ ಬಳಿ ಕೂತು ಗೋಗರೆದರು. "ಹೊಸ ಮನೇಲೂ ಒಂದು ಮೊಳ ಬಿಡ್ತೀನಮ್ಮ. ಬೇಕಾದ್ರೆ ಇದೇ ಇಟ್ಟಿಗೆ ಬಿಡಿಸ್ಕೊಂಡು ಹೋಗಿ ಅಲ್ಲಿ ಕೂರಿಸ್ತೀನಿ. ಅಪ್ಪ ಹೊಡೆದ ಉಳಿ ಗುರುತೂ ಅದರಲ್ಲೇ ಬರುತ್ತೆ."

"ಇಟ್ಟಿಗೆ ಯಾರಿಗ್ ಬೇಕೋ?" ಎಂದರು ಹಾಜಾಲೆ.

"ಮತ್ತೇನ್ ಬೇಕು?"

"ಅದನ್ನ ಮುಚ್ಚು."

ಅಮ್ಮ ಗೋಡೆಯನ್ನೇ ನೋಡುತ್ತ ಹೇಳಿದರು: "ನಿಮ್ಮಪ್ಪ ನನ್ನ ಒಂದ್ ಮಾತು ಕೇಳ್ದೆ ಒಡೆದ. ಅವನ ಸಂಕಟ ಅವನು ಗೋಡೆ ಮೇಲೆ ಬರೆದ, ನಾನು ಐವತ್ತು ವರ್ಷ ಅದನ್ನ ನೋಡ್ಕೊಂಡು ಕೂತೆ. ಗಂಡ ಇರೋವಾಗ ಬಾಯಿ ಬಿಡ್ಲಿಲ್ಲ. ಸತ್ತ ಮೇಲೆ ಸತ್ತೋನು ಮಾಡಿದ್ದು, ಮುಟ್ಟಬಾರ್ದು ಅನ್ನಿಸ್ತು. ಸಾಸೋನ್ ಈ ಬಾಗಿಲಲ್ಲಿ ಒಳಗೆ ಬರ್ತಿದ್ನಲ್ಲ, ಆಗ ಗೋಡೆ ಪೂರ್ತಿ ಇತ್ತು ಮಗಾ. ಬೆವರು ಕೈ ಅದಕ್ಕೆ ಒರೆಸಿ ನನ್ ಹತ್ರ ಬೈಸ್ಕೊಳ್ತಿದ್ದ. ಆ ಗೋಡೆ ಒಂದ್ಸಲ ನೋಡ್ಬೇಕು. ನೋಡಿ ಎದ್ದು ಬರ್ತೀನಿ."

ಇದನ್ನು ಹೇಳುವಾಗ ನಹೂಮರ ಸ್ವರ ಇಳಿಯುತ್ತದೆ. ಜೀವಮಾನವಿಡೀ ಇನ್ನೊಬ್ಬರ ಗೋಡೆಯಲ್ಲಿ ಒಂದು ಮೊಳ ಬಿಟ್ಟವರು ಅವರು. ಸ್ವಂತ ತಾಯಿಯ ಮನೆಯ ಮೊಳ ಆಕೆಗೆ ಬೇಡವಾಗಿತ್ತೆಂದು ಒಮ್ಮೆಯೂ ಹೊಳೆದಿರಲಿಲ್ಲ. "ಕೇಳ್ಬೇಕಾಗಿತ್ತು," ಎನ್ನುತ್ತಾರೆ. "ಅಪ್ಪನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಗುರುವಾರ ಬೆಳಗಿನ ಜಾವವೇ ನಯೀಮನೂ ಬಂದ, ಕರೆಯದೆಯೇ. ಚೀಲದಲ್ಲಿ ಬರುವ ಈಗಿನ ಸಿದ್ಧ ಗಾರೆ ತರಲಿಲ್ಲ; ಶಾಬೊನ ಕಾಲದ ಹಾಗೆ ಸುಣ್ಣ, ಸೋಸಿದ ಮರಳು ತಂದು ತಾನೇ ಕಲಸಿದ. ನಹೂಮ್ ಕರಣೆ ಹಿಡಿದು ಚೌಕದ ಮುಂದೆ ನಿಂತರು. ಅಪ್ಪನ ಉಳಿಯ ಏಟುಗಳು ಇಟ್ಟಿಗೆಯ ಮೇಲೆ ಓರೆಕೋರೆಯಾಗಿದ್ದವು. ಅಷ್ಟು ಒಳ್ಳೆಯ ಕೆಲಸಗಾರ ಒಂದೇಟನ್ನೂ ನೆಟ್ಟಗೆ ಹೊಡೆದಿರಲಿಲ್ಲ. ಬೆರಳಿಂದ ಅವನ್ನು ಸವರಿ, ಮೊದಲ ಗಾರೆ ಬೀಸುವ ಹೊತ್ತಿಗೆ ನಹೂಮರ ಕಣ್ಣು ತುಂಬಿತ್ತು. "ಸುಣ್ಣ ಕಣ್ಣಿಗೆ ಹಾರಿತು," ಎಂದರು. ನಯೀಮ್, "ಹೂಂ, ನಂಗೂ," ಎಂದ.

ಕೆಲಸ ಚೆನ್ನಾಗೇ ಆಯಿತು. ಕೈ ಆಡಿಸಿದರೆ ಹಳತು ಹೊಸತರ ಸೇರುವೆ ಬೆರಳಿಗೆ ಸಿಗುವುದಿಲ್ಲ. ಆದರೆ ಹಸಿ ಗಾರೆಯ ಬಣ್ಣ ಕಪ್ಪು. ಒಣಗಿ ಬೆಳ್ಳಗಾಗುವವರೆಗೆ ಚೌಕ ಚೌಕವಾಗಿಯೇ ಕಾಣುತ್ತದೆ, ಮೊದಲಿಗಿಂತ ಎದ್ದು ಕಾಣುತ್ತದೆ. ಹಾಜಾಲೆ ಬಹಳ ಹೊತ್ತು ನೋಡಿ, "ಇನ್ನೂ ಇದೆ," ಎಂದರು. "ಒಣಗ್ಬೇಕಮ್ಮ," ಎಂದರು ಮಗ. "ಸರಿ, ಒಣಗಲಿ. ಕೂತಿರ್ತೀನಿ."

ಇಂದು ಶುಕ್ರವಾರ, ಮಧ್ಯಾಹ್ನ ಇಳಿಯುತ್ತಿದೆ. ಹೊರಗೆ ಮೋಡ, ಒಳಗೆ ಥಂಡಿ. ಒಲೆಯ ಮೇಲೆ ಸಬ್ಬತ್ತಿನ, ಸಂಜೆ ಶುರುವಾಗುವ ವಾರದ ಬಿಡುವಿನ ದಿನದ, ಅಡುಗೆ ಬೇಯುತ್ತಿದೆ. ಚೌಕದ ಅಂಚು ಎಳೆಯಷ್ಟು ಬೆಳ್ಳಗಾಗಿದೆ. ನಡು ಇನ್ನೂ ಕಪ್ಪು. ಯಂತ್ರಗಳನ್ನು ಆಗಲೇ ತಂದು ಬೀದಿಯ ತುದಿಯಲ್ಲಿ ನಿಲ್ಲಿಸಿದ್ದಾರೆ. ಭಾನುವಾರ ಬೆಳಗ್ಗೆ ತಾಯಿಯನ್ನು ಎಬ್ಬಿಸಿ ಕರೆದೊಯ್ಯಲೇಬೇಕು. ಸಬ್ಬತ್ತಿನ ಅಂಗಿ ತೊಟ್ಟು ನಿಂತ ನಹೂಮರಿಗೆ ನಯೀಮ್ ಕೋಣೆಯ ಹೀಟರನ್ನು ತೋರಿಸುತ್ತಾನೆ. "ಗೋಡೆ ಕಡೆ ತಿರುಗಿಸಿಡೋ. ರಾತ್ರಿ ಕಳೆಯೋದ್ರಲ್ಲಿ ಒಣಗುತ್ತೆ."

"ಬಿಸಿಗೆ ಒಣಗಿಸಿದ್ರೆ ಬಿರುಕು ಬಿಡುತ್ತೆ."

"ಒಡೆಯೋ ಗೋಡೆ ಮಾರಾಯಾ. ಬಿರುಕು ಬಿಟ್ರೇನು?"

"ಒಡೆಯೋದು ಅವರ ಕೆಲಸ," ಎನ್ನುತ್ತಾರೆ ನಹೂಮ್. "ನಾನ್ ಮಾಡಿದ್ದು ಬಿರುಕು ಬಿಡ್ಬಾರ್ದು."

ಹೀಟರ್ ಮುದುಕಿಯ ಕಾಲಿನ ಕಡೆಗೇ ಉಳಿಯುತ್ತದೆ. ನಯೀಮ್ ತಲೆಯಲ್ಲಾಡಿಸಿ, ಹಾಜಾಲೆಗೆ "ಬರ್ತೀನಮ್ಮಾ" ಎಂದು ಹೇಳಿ ತನ್ನೂರ ದಾರಿ ಹಿಡಿಯುತ್ತಾನೆ. ದೀಪ ಹಚ್ಚಿದ್ದಾಯಿತು. ಪ್ರಾರ್ಥನೆಗೆ ಹೊರಟ ನಹೂಮ್ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಾರೆ. ಮಳೆಗಾಗಿ ಬೇಡಿಕೊಳ್ಳುವ ಕಾಲವಿದು.

"ಅಮ್ಮಾ, ಏನ್ ಕೇಳ್ಕೊಳ್ಳಿ? ಮಳೆ ಬಂದ್ರೆ ಭಾನುವಾರ ಒಡೆಯೋರು ಬರಲ್ಲ, ಆದ್ರೆ ಗೋಡೇನೂ ಒಣಗಲ್ಲ. ಬಿಸಿಲು ಬಿದ್ರೆ ಗೋಡೆ ಒಣಗುತ್ತೆ, ಅವರೂ ಬರ್ತಾರೆ."

ಹಾಜಾಲೆ ಚೌಕದಿಂದ ಕಣ್ಣು ತೆಗೆಯುವುದಿಲ್ಲ.

"ಬಿಸಿಲು ಕೇಳ್ಕೊ ಮಗಾ. ಒಂದ್ಸಲ ಪೂರ್ತಿ ನೋಡ್ತೀನಿ. ಆಮೇಲೆ ಅವರು ಬರ್ಲಿ."