ಹತ್ತಿ ಮಿಲ್ಲಿನ ಬಿಸಿ ಪೆಟ್ಟಿಗೆ

ಒಂದೆಡೆ ಕೂರುವ ಜಾಯಮಾನ ನನ್ನದಲ್ಲ. ಬಸ್ಸು ರಾಯಚೂರು ಮುಟ್ಟುವ ಮುಂಚೆಯೇ ಎದ್ದು ಬಾಗಿಲಲ್ಲಿ ನಿಲ್ಲುವವನು ನಾನು. ಮೋಟರಿನ ವೇಗ ಏರಿಸಿ ಇಳಿಸುವ ಡ್ರೈವ್‌ಗಳನ್ನು ಕೂಡಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ಒಂದು ಕಡೆ ಕೆಲಸ ಮುಗಿಯುವ ಮೊದಲೇ ತಲೆ ಮುಂದಿನ ಊರಿಗೆ ಹೋಗಿರುತ್ತದೆ. ಈ ಹಾಳು ಚಟದಿಂದ ಒಬ್ಬ ಹೆಣ್ಣುಮಗಳ ಕೈ ಹೋಗುವುದರಲ್ಲಿತ್ತು.

ದೇವದುರ್ಗದ ಕಡೆ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲು. ಹತ್ತಿಯನ್ನು ಒಳಗೆಳೆದುಕೊಳ್ಳುವ ಭಾರದ ರೋಲರಿಗೆ ಡ್ರೈವ್ ಕೂಡಿಸಿದೆ. ಗುಂಡಿ ಒತ್ತಿದರೆ ಅದು ಥಟ್ಟನೆ ನಿಲ್ಲಬೇಕು. ಆದರೆ ಇಳಿಜಾರಿನಲ್ಲಿ ತುಂಬಿದ ಬಂಡಿ ಎತ್ತುಗಳನ್ನೇ ನೂಕುತ್ತದಲ್ಲ, ಹಾಗೆ ನಿಲ್ಲಿಸುವಾಗ ರೋಲರೇ ಮೋಟರನ್ನು ತಿರುಗಿಸುತ್ತದೆ. ಮೋಟರು ಕರೆಂಟ್ ಹುಟ್ಟಿಸಿ ಡ್ರೈವಿಗೆ ವಾಪಸು ಕಳಿಸುತ್ತದೆ. ಆ ಕರೆಂಟನ್ನು ಶಾಖ ಮಾಡಿ ಕಳೆಯಲೆಂದೇ ಬ್ರೇಕಿಂಗ್ ರೆಸಿಸ್ಟರ್ ಎಂಬ ಜಾಲರಿಯ ಪೆಟ್ಟಿಗೆ ಇರುವುದು. ಅದಿಲ್ಲದಿದ್ದರೆ ಡ್ರೈವಿನೊಳಗೆ ವೋಲ್ಟೇಜ್ ಏರಿ, ಅದು ಫಾಲ್ಟ್ ತೋರಿಸಿ ಮೋಟರನ್ನು ಕೈಬಿಡುತ್ತದೆ. ರೋಲರು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ.

ಈ ಪೆಟ್ಟಿಗೆಯನ್ನು ಹೊರಗೋಡೆಗೆ ಕೂಡಿಸಬೇಕಿತ್ತು. ವೈರ್ ಎಳೆಯಲು ಇನ್ನೂ ಅರ್ಧ ದಿನ ಹಿಡಿಯುತ್ತಿತ್ತು, ಮಾನ್ವಿಯ ಅಕ್ಕಿ ಮಿಲ್ಲಿನಿಂದ ಫೋನಿನ ಮೇಲೆ ಫೋನ್. ಒಳಗೇ ಕೂಡಿಸಿಬಿಟ್ಟೆ.

ಹತ್ತಿಗೆ ಕಿಡಿ ತಾಗೀತೆಂದು ಆ ಮಿಲ್ಲಿನಲ್ಲಿ ಬೀಡಿ, ಕಡ್ಡಿಪೆಟ್ಟಿಗೆ ಗೇಟಿನಲ್ಲೇ ಒಪ್ಪಿಸಬೇಕು. ಚಹಾ ಕೂಡ ಬೇವಿನ ಗಿಡದ ಕೆಳಗೆ ಕುಡಿದೇ ಒಳಗೆ ಬರಬೇಕು. ಆ ಕಟ್ಟುನಿಟ್ಟನ್ನು ಮೂವತ್ತು ವರ್ಷ ಕಾಯ್ದುಕೊಂಡು ಬಂದ ಮುದುಕ ಮೇಸ್ತ್ರಿ ಪೆಟ್ಟಿಗೆಯ ಹತ್ತಿರ ಅಂಗೈ ಹಿಡಿದು ನೋಡಿ ಗಾಬರಿಯಾದ.

"ಏನ್ರೀ ಸಾಬ್, ಹತ್ತಿ ನಡುವ ಒಲಿ ತಂದು ಇಟ್ಟೀರಲ್ರೀ?"

"ಅದು ಹಂಗ ಬಿಸಿ ಆಗ್ತದ. ನಿಮಗ ತಿಳಿಯಂಗಿಲ್ಲ, ಬಿಡ್ರಿ," ಎಂದು ಚೀಲ ಹೆಗಲಿಗೇರಿಸಿದೆ.

ವಾರದೊಳಗೆ ಮೇಸ್ತ್ರಿಯ ಫೋನ್: ನಿಲ್ಲಿಸಿದಾಗಲೆಲ್ಲ ಡ್ರೈವ್ ಫಾಲ್ಟ್ ತೋರಿಸುತ್ತಿದೆ. ಮಾನ್ವಿಯಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡಿದ್ದೆ. ಯಾವ ಫಾಲ್ಟ್ ಎಂದೂ ಕೇಳದೆ "ರಿಸೆಟ್ ಒತ್ರಿ" ಎಂದು ರೇಗಿದೆ. ಪಾಪ, ಅವರು ದಿನಾ ಒತ್ತಿದ್ದಾರೆ.

ಆಮೇಲೆ ಬಂದ ಫೋನ್ ಮಾಲಕರದು. ಹತ್ತಿ ಹಾಕುವ ಹೆಂಗಸಿನ ಸೆರಗು ರೋಲರಿಗೆ ಸಿಕ್ಕಿತ್ತು. ಗುಂಡಿ ಒತ್ತಿದರೂ ರೋಲರು ನಿಂತಿರಲಿಲ್ಲ. ಮಾನ್ವಿಯಿಂದ ಬೈಕಿನಲ್ಲಿ ಹೋಗುವಾಗ ದಾರಿ ತೀರಲೇ ಇಲ್ಲ. ಎದುರು ಬಂದ ಟ್ರ್ಯಾಕ್ಟರಿಗೆಲ್ಲ ಬೈದೆ. ಬೈಯಬೇಕಾದವನು ಯಾರೆಂದು ಒಳಗೊಳಗೇ ಗೊತ್ತಿತ್ತು.

ಆಕೆ ಬೇವಿನ ಗಿಡದ ಕೆಳಗೆ ಕೂತಿದ್ದಳು. ಹಳೆಯ ಸೀರೆ ಹರಿದುಹೋಗಿದ್ದರಿಂದ ಕೈ ಉಳಿದಿತ್ತು. ಮೊಣಕೈವರೆಗೆ ತೊಗಲು ಕಿತ್ತಿತ್ತು, ಬಟ್ಟೆ ಸುತ್ತಿದ್ದರು. ಪಕ್ಕದಲ್ಲಿ ಒಳಗಿನಿಂದ ಬಿಚ್ಚಿ ತಂದಿಟ್ಟ ರೆಸಿಸ್ಟರ್ ಪೆಟ್ಟಿಗೆ. ಅದರ ವೈರುಗಳಿಗೆ ಮೇಸ್ತ್ರಿ ಅಚ್ಚುಕಟ್ಟಾಗಿ ಟೇಪು ಸುತ್ತಿದ್ದ.

"ನೀವು ಹೋದ ಮರುದಿನಾನ ನಾನೇ ಬಿಚ್ಚಿಸಿದೆ ಸಾಬ್. ಒಂದು ಕಿಡಿ ಹಾರಿದ್ರ ಇಷ್ಟು ಮಂದಿ ಉಳೀತಿದ್ರೇನು?" ಎಂದ. ಮಾಲಕರು ಅವನಿಗೆ ನಾಳೆಯಿಂದ ಬರಬೇಡ ಎಂದು ಹೇಳಿಯಾಗಿತ್ತು.

"ತಪ್ಪು ಅವರದಲ್ರೀ, ನಂದು," ಎಂದು ಮಾಲಕರಿಗೆ ಹೇಳಿದೆ. ಅವರು ಒಳಗೆ ಹೋದರು.

ಸಂಜೆಯವರೆಗೆ ಕೂತು ಪೆಟ್ಟಿಗೆಯನ್ನು ಹೊರಗೋಡೆಗೆ ಕೂಡಿಸಿದೆ. ಮೇಸ್ತ್ರಿಯೇ ವೈರ್ ಹಿಡಿದ. ಅದು ಯಾಕೆ ಬಿಸಿಯಾಗುತ್ತದೆಂದು ಎಲ್ಲರನ್ನೂ ಕರೆದು ಹೇಳಿದೆ, ಹೇಳಲು ಐದು ನಿಮಿಷ ಸಾಕಾಯಿತು. ರೋಲರು ಓಡಿಸಿ ಗುಂಡಿ ಒತ್ತಿದೆ. ಥಟ್ಟನೆ ನಿಂತಿತು.

ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಆಕೆ ರೋಲರನ್ನೇ ನೋಡುತ್ತಿದ್ದಳು.

"ಇಷ್ಟಽ ಮಾತು ಅವತ್ತಽ ಹೇಳಾಕ ಏನಾಗಿತ್ತು, ಯಪ್ಪಾ?"