ಕೈಗೆ ಎಟುಕದ ತುರಿಕೆ

ಸುಮಾ, ಗಣೇಶಾ, ಅವತ್ತು ಕಾರವಾರದ ಬಸ್ ನಿಲ್ದಾಣದಲ್ಲಿ ನಾನು ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತಿದ್ದೆ. ಬುಟ್ಟಿ ಖಾಲಿ ಮಾಡಿಕೊಂಡು ಅಂಕೋಲೆ ಬಸ್ಸಿಗೆ ಕಾಯುತ್ತಿದ್ದ ಕೇಣಿ ಊರಿನ ಮೀನು ಮಾರುವ ಹೆಂಗಸು ನಕ್ಕಳು.

"ಎಂತದೇ ಅಕ್ಕಾ, ಕಂಬದ ಸುಣ್ಣ ಎಲ್ಲಾ ಉದುರಸ್ತ್ಯಾ?"

ನನಗೆ ನಾಚಿಕೆಯಾಯಿತು. ಮಳೆಗಾಲದಿಂದ ಬೆನ್ನ ತುಂಬ ದದ್ದು, ನಿದ್ದೆ ಕೆಡಿಸುವ ತುರಿಕೆ. ಅವತ್ತು ತೋರಿಸಲು ಹೋದಾಗ ಡಾಕ್ಟರು ಮತ್ತೆ ಅದೇ ಮುಲಾಮು ಕೊಟ್ಟು, ಸರಿಯಾಗಿ ಹಚ್ಚಿ ಎಂದಿದ್ದರು. ಬೆನ್ನಿಗೆ ನನ್ನ ಕೈ ಎಟುಕುವುದಿಲ್ಲವೆಂದು ಅವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಯಾಕೋ ಇವಳ ಮುಂದೆ ಬಾಯಿಗೆ ಬಂತು.

"ಹಂಗಾರೆ ತಿರಗಿ ಕೂತ್ಕೊ. ಕೈ ಮೀನ್ ವಾಸ್ನೆ ಬತ್ತದೆ, ಬಯ್ಬೇಡಾ ಮತೆ," ಎಂದವಳು ನಲ್ಲಿಯಲ್ಲಿ ಕೈ ತೊಳೆದು ಬಂದಳು. ಮೂಲೆಯ ಬೆಂಚಿನಲ್ಲಿ ನನ್ನನ್ನು ಕೂರಿಸಿ, ತನ್ನ ಸೆರಗನ್ನೇ ಮರೆ ಹಿಡಿದು ಮುಲಾಮು ಸವರಿದಳು.

ನಿಮ್ಮ ಅಜ್ಜ ನೆನಪಾದರು. ಬೇಸಿಗೆಯಲ್ಲಿ ನನಗೆ ಪಿತ್ತದ ಗಂಧೆ ಎದ್ದಾಗಲೆಲ್ಲ ಮುರುಗಲು ಹಣ್ಣಿನ ಸಿಪ್ಪೆ ನೆನೆಸಿದ ಕೆಂಪು ನೀರನ್ನು ಅವರೇ ಬೆನ್ನಿಗೆ ಹಚ್ಚುತ್ತಿದ್ದರು. "ಅಲ್ಲಾಡಬೇಡ್ವೇ, ಸೀರೆಗೆ ಕಲೆ ಆಗ್ತದೆ" ಎಂದು ಗದರುತ್ತಿದ್ದರು. ಅವರು ಹೋದ ಮೇಲೆ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.

ಸುಮಾ, ಆ ಸಂಜೆ ನಾನು ಟ್ಯೂಬು ಹಿಡಿದು ನಿನ್ನ ಮುಂದೆ ಬೆನ್ನು ತಿರುಗಿಸಿ ಕೂತದ್ದು ಇದಕ್ಕೇ. ದದ್ದು ಈಗ ಮಾಯುತ್ತಿದೆ. ಗಣೇಶಾ, ಅಕ್ಕ ಇಲ್ಲದ ದಿನ ನೀನು ಹಚ್ಚು. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನಿಮಗೂ ಎಂದಾದರೂ ಕೈ ಎಟುಕದ ಕಡೆ ತುರಿಸೀತು.