ಒಂದು ಒಳಲೆ ನೀರು

ನಾಗಮಂಗಲದಲ್ಲಿ ಅಕ್ಕಸಾಲಿ ಪುಟ್ಟರಾಜು ಮನೆ ಯಾವುದು ಅಂತ ಕೇಳಿ ನೋಡಿ. ಅಂಗಡಿಯ ಗುರುತು ಯಾರೂ ಹೇಳುವುದಿಲ್ಲ. ಕಲ್ಲು ಸಾಕ್ತಾನಲ್ಲ, ಅವನಾ ಅಂತ ನಕ್ಕು, ಆಮೇಲೆ ದಾರಿ ತೋರಿಸುತ್ತಾರೆ. ನಗಲಿ ಬಿಡಿ. ನಗುವವರ ಮನೆಯಲ್ಲಿ ಒಂದು ತುಳಸಿ ಗಿಡ ನೆಟ್ಟಗೆ ಬದುಕಿರುವುದಿಲ್ಲ. ಇವನ ತಾರಸಿಯ ಮೇಲೆ ಎಲ್ಲೋ ಆಫ್ರಿಕಾದ ಮರಳುಗಾಡಿನ ಗಿಡ ಇನ್ನೂರಕ್ಕೂ ಮೇಲಿವೆ.

ಗಿಡ ಅಂದೆ ಅಂತ ಕೊಂಬೆ, ಚಿಗುರು ಹುಡುಕಬೇಡಿ. ಮಣ್ಣಿಗಂಟಿಕೊಂಡು ಒಂದೊಂದು ಗುಂಡುಕಲ್ಲು, ನಡುವೆ ಕುರಿಮರಿ ಗೊರಸಿಗಿರುವಂಥ ಸೀಳು, ಅಷ್ಟೇ. ಕಂದು, ಬೂದಿ, ಇಟ್ಟಿಗೆ ಬಣ್ಣ. ಮುಟ್ಟಿದರೆ ಮಾತ್ರ ಒಳಗೆ ಜೀವ ಇರುವುದು ಬೆರಳಿಗೆ ತಿಳಿಯುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗುವ ಹೊತ್ತಿಗೆ ಆ ಸೀಳಿನೊಳಗೆ ಹೊಸ ಜೋಡಿ ಎಲೆ ಹುಟ್ಟುತ್ತದೆ. ಹಳೇ ಜೋಡಿ ತನ್ನ ಮೈಯ ನೀರನ್ನೆಲ್ಲ ಹೊಸದಕ್ಕೆ ಕೊಟ್ಟು, ಸುಕ್ಕುಗಟ್ಟಿ, ಕೊನೆಗೆ ಈರುಳ್ಳಿ ಸಿಪ್ಪೆಯಾಗಿ ಉದುರುತ್ತದೆ. ಆ ಎರಡು ತಿಂಗಳು ಮಾತ್ರ ನೀರು ಸೋಕಿಸಬಾರದು. ಸೋಕಿಸಿದರೆ ಹಳೆಯದು ಸಾಯುವುದಿಲ್ಲ, ಹೊಸದಕ್ಕೆ ಜಾಗ ಬಿಡುವುದಿಲ್ಲ, ಎರಡೂ ಕೊಳೆಯುತ್ತವೆ.

ಈ ಹುಚ್ಚು ಪುಟ್ಟರಾಜುವಿನದಲ್ಲ, ಅವನ ಹೆಂಡತಿ ಯಶೋದಮ್ಮನದು. ಅವಳ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ ಕಾಲ. ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಗಿಡದ ಗಾಡಿಯವನು ಒಂದು ಸಣ್ಣ ಕುಂಡ ತೋರಿಸಿ, ಇದಕ್ಕೆ ನೀರು ಜಾಸ್ತಿಯಾದರೆ ಸತ್ತೇ ಹೋಗ್ತದೆ ತಾಯಿ ಅಂದನಂತೆ. ಯಶೋದಮ್ಮ ಆ ಕುಂಡವನ್ನು ಮಡಿಲಲ್ಲಿಟ್ಟುಕೊಂಡು, ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಬರುವವರೆಗೂ ನಕ್ಕಳು. ಪಕ್ಕದ ಸೀಟಿನವರೆಲ್ಲ ತಿರುಗಿ ನೋಡಿದರು.

"ಇದೂ ನನ್ನಂಗೇ ಕಣ್ರೀ," ಅಂದಳು ಗಂಡನಿಗೆ.

ನಗುವ ಮಾತೇನಲ್ಲ ಅದು. ದಿನಕ್ಕೆ ಅರ್ಧ ಲೀಟರಿನ ಮೇಲೆ ಒಂದು ತೊಟ್ಟೂ ಕೂಡದು, ಮೀರಿದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ ಅಂತ ಡಾಕ್ಟರು ಹೇಳಿದ್ದರು. ಇನ್ನೊಬ್ಬನಾಗಿದ್ದರೆ ಲೋಟದಲ್ಲಿ ಅಂದಾಜು ನೋಡಿ ಕೊಡುತ್ತಿದ್ದ. ಪುಟ್ಟರಾಜು ಅಕ್ಕಸಾಲಿ, ಅಂದಾಜು ಅನ್ನುವ ಮಾತೇ ಆ ಕುಲಕಸುಬಿನಲ್ಲಿಲ್ಲ. ಮಗಳು ಕೀರ್ತನಳ ನಾಮಕರಣಕ್ಕೆ ಅವನೇ ಮಾಡಿದ್ದ ಬೆಳ್ಳಿ ಒಳಲೆಯೊಂದು ಮನೆಯಲ್ಲಿತ್ತು, ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು. ಅಳೆದು ನೋಡಿದ. ಹತ್ತು ಒಳಲೆಗೆ ಸರಿಯಾಗಿ ಅರ್ಧ ಲೀಟರು. ಬೆಳಗ್ಗೆ ಎದ್ದು ಕಿಟಕಿಯ ಕಟ್ಟೆಯ ಮೇಲೆ ಚಿನ್ನ ತೂಗುವ ಗುಲಗಂಜಿ ಹತ್ತು ಇಡುವುದು, ಒಂದು ಒಳಲೆ ಕೊಟ್ಟಾಗ ಒಂದು ಗುಲಗಂಜಿ ತೆಗೆಯುವುದು. ಎರಡು ವರ್ಷ ಹೀಗೇ ನಡೆಸಿದ. ಡಾಕ್ಟರೇ ಅವನನ್ನು ಉಳಿದವರಿಗೆಲ್ಲ ತೋರಿಸಿ ಹೊಗಳಿದ್ದರು. ಅವನೂ ಬೀಗಿದ್ದ. ಯಾಕೆ ಸುಳ್ಳು ಹೇಳಲಿ, ಬೀಗಿದ್ದ.

ಆರು ವರ್ಷದ ಹಿಂದೆ, ಒಂದು ಬೇಸಗೆಯ ಮಧ್ಯಾಹ್ನ ನಾಲ್ಕು ಗಂಟೆ. ಕಟ್ಟೆಯ ಮೇಲೆ ಒಂದು ಗುಲಗಂಜಿಯೂ ಉಳಿದಿರಲಿಲ್ಲ. ಯಶೋದಮ್ಮ ಕೇಳಿದಳು.

"ಒಂದೇ ಒಂದು ಗುಟುಕು ಕೊಡ್ರೀ. ನಾಳೇದ್ರಲ್ಲಿ ಮುರ್ಕೊಳ್ಳಿ."

ಅವನು ಕೊಡಲಿಲ್ಲ. ನಿನ್ನ ಒಳ್ಳೇದಕ್ಕೇ ಹೇಳೋದು ಅಂದು, ಒಳಲೆಯನ್ನು ಕೈಗೆಟುಕದ ಅಟ್ಟದ ಮೇಲಿಟ್ಟು, ಮನೆಯ ಮುಂದಿನ ಅಂಗಡಿಗೆ ಬಂದ. ಯಾರದ್ದೋ ತಾಳಿಗುಂಡಿಗೆ ಬೆಸುಗೆ ಹಾಕಬೇಕಿತ್ತು. ಹಾಕಿ ಮುಗಿಸಿ ಒಳಗೆ ಹೋದರೆ ಅವಳ ಪ್ರಾಣ ಹೋಗಿತ್ತು. ಬಾಯಿ ತೆರೆದೇ ಇತ್ತು. ಹೃದಯ ನಿಂತುಹೋಗಿದೆ, ನೀರಿಗೂ ಇದಕ್ಕೂ ಸಂಬಂಧವಿಲ್ಲ, ಒಂದು ಗುಟುಕು ಕುಡಿದಿದ್ದರೂ ಇಷ್ಟೇ, ಕುಡಿಯದಿದ್ದರೂ ಇಷ್ಟೇ ಅಂತ ಡಾಕ್ಟರು ಸಮಾಧಾನ ಹೇಳಿದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದರು. ಆ ಮಾತೇ ಪುಟ್ಟರಾಜುವನ್ನು ತಿನ್ನುತ್ತಿರುವುದು. ಇಷ್ಟೇ ಆಗಿದ್ದರೆ ಕೊಡಬಹುದಿತ್ತಲ್ಲ.

ಕರ್ಮ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಾಯಿತು. ಸತ್ತವರ ಹೆಸರಿನಲ್ಲಿ ಕಲ್ಲೊಂದನ್ನಿಟ್ಟು, ಬಾಯಾರಿಕೆ ತೀರಲಿ ಅಂತ ಅದಕ್ಕೆ ದಿನಾ ಎಳ್ಳುನೀರು ಬಿಡಿಸುತ್ತಾರೆ. ಪುಟ್ಟರಾಜು ಬೊಗಸೆ ಬೊಗಸೆ ಬಿಟ್ಟ. ಸಾಕಪ್ಪ ಸಾಕು ಅಂತ ಪುರೋಹಿತರು ಕೈಹಿಡಿದು ನಿಲ್ಲಿಸಬೇಕಾಯಿತು. ಹತ್ತನೇ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ, ನಡೆಸ್ತೀನಿ ಅಂತ ಬಾಯಿಬಿಟ್ಟು ಹೇಳಿ ಅಂದರು. ಮಗಳ ಮದುವೆ ಮಾಡ್ತೀನಿ ಅಂದ. ಕಾಗೆ ಮರದ ಮೇಲಿಂದ ಅಲ್ಲಾಡಲಿಲ್ಲ. ಏನು ಆಸೆ ಅಂತ ಅವನಿಗೆ ಗೊತ್ತಿತ್ತು. ಅಷ್ಟು ಜನದೆದುರು ನಾಲಗೆ ಏಳಲಿಲ್ಲ. ಕೊನೆಗೆ ಪಿಂಡವನ್ನು ಹೊಳೆಗೆ ಬಿಟ್ಟು ಬಸ್ಸು ಹತ್ತಿದರು.

ಆಮೇಲಿನಿಂದ ಅವನಿಗೆ ಗಿಡವೇ ಗತಿ. ಯಶೋದಮ್ಮನ ಆ ಒಂದು ಗಿಡಕ್ಕೆ ಜೋಡಿಯಾಗಿ ಇನ್ನೊಂದನ್ನು ತರಿಸಿದ, ಹೂವಿಗೆ ಹೂವು ಸೋಕಿಸಿ ಬೀಜ ಕಟ್ಟಿಸಿದ. ಉಸಿರು ತಾಗಿದರೆ ಹಾರಿಹೋಗುವ ಬೀಜ ಅದು. ನಲವತ್ತು ವರ್ಷ ಚಿನ್ನದ ಪುಡಿ ಗುಡಿಸಿದ ಕೈಗೆ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ. ಒಣಗಿದ ಬೀಜದ ಗೂಡಿನ ಮೇಲೆ ಒಂದು ಹನಿ ನೀರು ಬಿಟ್ಟರೆ, ಕಣ್ಣೆದುರಿಗೇ ಅದು ನಿಧಾನಕ್ಕೆ ಬಾಯಿ ತೆರೆಯುತ್ತದೆ. ಮೊದಲ ಸಲ ಅದನ್ನು ಕಂಡ ದಿನ ಚಿಮುಟವನ್ನು ಅಲ್ಲೇ ಬಿಸಾಕಿ ಕೆಳಗಿಳಿದು ಬಂದಿದ್ದ. ಮೂರು ದಿನ ತಾರಸಿ ಹತ್ತಲಿಲ್ಲ. ಗಿಡಕ್ಕೆ ನೀರು ಅಳೆಯುವುದೂ ಅದೇ ಒಳಲೆಯಿಂದ. ಯಾರೂ ಇಲ್ಲದ ಹೊತ್ತಿನಲ್ಲಿ ಅಳೆದು, ಮತ್ತೆ ಅಟ್ಟಕ್ಕೆ ಸೇರಿಸಿಬಿಡುತ್ತಾನೆ.

ಈ ವರ್ಷ ಸಂಕ್ರಾಂತಿ ಮುಗಿದ ವಾರಕ್ಕೆ ಕೀರ್ತನಳಿಗೆ ಹೆಣ್ಣು ಕೂಸಾಯಿತು. ಪಾಂಡವಪುರದ ಸೊಸೆ ಅವಳು, ಅಲ್ಲೇ ಹೈಸ್ಕೂಲಿನಲ್ಲಿ ಟೀಚರು. ಬಾಣಂತನಕ್ಕೆ ತವರಿಗೆ ಬಂದಳು. ತಾಯಿಯಿಲ್ಲದ ತವರು, ಹಾಗಾಗಿ ಶೀಳನೆರೆಯಿಂದ ಪುಟ್ಟರಾಜುವಿನ ಅಕ್ಕ ಸಿದ್ದಲಿಂಗಮ್ಮ ಬಂದಿಳಿದಳು. ಮನೆ ಅವಳ ಕೈಗೆ ಹೋಯಿತು. ಬಾಣಂತಿ ಕತ್ತಲೆ ಕೋಣೆ ಬಿಟ್ಟು ಹೊರಗೆ ಬರಕೂಡದು, ತಲೆಗೆ ಬಟ್ಟೆ ಬಿಗಿದಿರಬೇಕು, ಮುಖ್ಯವಾಗಿ ನೀರು ಕುಡಿಯಕೂಡದು. ಕುಡಿದರೆ ಹೊಟ್ಟೆ ಜೋತುಬೀಳುತ್ತದೆ, ಮೈ ನೀರಾಗುತ್ತದೆ, ಕೂಸಿಗೆ ಶೀತ. ಊಟವಾದ ಮೇಲೆ ಓಮ ಹಾಕಿ ಕುದಿಸಿದ ನೀರು ಕಾಲು ಲೋಟ, ಅಷ್ಟೇ. ರಾತ್ರಿ ಅಡುಗೆಮನೆಯ ನೀರಿನ ಕೊಡದ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗುತ್ತಿದ್ದಳು. ಡಾಕ್ಟರು ಚೆನ್ನಾಗಿ ನೀರು ಕುಡಿ ಅಂದಿದ್ದಾರೆ ಅಂತ ಕೀರ್ತನ ಎರಡು ದಿನ ಜಗಳ ಆಡಿದಳು. ನಿಮ್ಮಮ್ಮ ಇದ್ದಿದ್ದರೆ ಅವಳೂ ಹಿಂಗೇ ಮಾಡ್ತಿದ್ಲು ಅಂದಳು ಸಿದ್ದಲಿಂಗಮ್ಮ. ಆ ಮಾತಿಗೆ ಹುಡುಗಿ ಸುಮ್ಮನಾದಳು. ಅಪ್ಪನಿಗೂ ಒಂದು ಸಲ ಹೇಳಿ ನೋಡಿದಳು. ನಿನ್ನ ಒಳ್ಳೇದಕ್ಕೇ ಅಲ್ವಾ ಮಗ, ಅತ್ತೆ ಹೇಳ್ದಂಗೆ ಕೇಳು ಅಂದುಬಿಟ್ಟ. ಹಿಂದೆ ಇದೇ ಮಾತನ್ನು ಯಾರಿಗೆ ಆಡಿದ್ದೆ ಅಂತ ಅವನಿಗೆ ಹೊಳೆಯಲೇ ಇಲ್ಲ. ಕೂಸಿಗೆ ಒಳಲೆ ಎಲ್ಲಿ ಅಂತ ಮಗಳು ಕೇಳಿದಾಗ, ಕರಗಿಸಿಬಿಟ್ಟೆ ಅಂತ ಸುಳ್ಳನ್ನೂ ಹೇಳಿದ. ಆ ಪಾತ್ರೆ ಇನ್ನೊಬ್ಬರ ಬಾಯಿಗೆ ಹೋಗುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ.

ಫೆಬ್ರವರಿ ಮೊದಲ ವಾರ. ಗಿಡಗಳೆಲ್ಲ ಪೊರೆ ಬಿಡುವ ಹೊತ್ತು. ಒಂದು ಬೆಳಗ್ಗೆ ತಾರಸಿಗೆ ಹೋದರೆ ಯಶೋದಮ್ಮನ ಗಿಡ ನೆಟ್ಟಿದ್ದ ಮಣ್ಣಿನ ತಟ್ಟೆ ಒದ್ದೆ.

ಇಬ್ಬನಿ ಇರಬಹುದು ಅಂದುಕೊಂಡ. ಇಬ್ಬನಿ ಬಿದ್ದರೆ ಎಲ್ಲ ತಟ್ಟೆಗೂ ಬೀಳಬೇಕು. ಮೇಲಿದ್ದ ನೀರಿನ ಮಡಕೆಯ ನಲ್ಲಿಯೂ ಸೋರುತ್ತಿರಲಿಲ್ಲ, ಮುಟ್ಟಿ ನೋಡಿದ. ಎರಡನೇ ದಿನವೂ ಅದೊಂದೇ ಒದ್ದೆ. ಆವತ್ತು ಸಂಜೆ ತಾರಸಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ನಡುಮನೆಯಲ್ಲಿ ಯಶೋದಮ್ಮನ ಫೋಟೋ ಪಕ್ಕದ ಮೊಳೆಗೆ ನೇತುಹಾಕಿದ. ಬೆಳಗ್ಗೆ ಬೀಗ ಹಾಕಿದ ಹಾಗೇ ಇತ್ತು, ಕೈ ಮೊಳೆಯಲ್ಲೇ ಇತ್ತು. ತಟ್ಟೆ ಒದ್ದೆ. ಪುಟ್ಟರಾಜು ಬೆರಳು ಮಡಿಸಿ ಲೆಕ್ಕ ಹಾಕಿದ. ಮನೆಯಲ್ಲಿದ್ದವರು ಮೂವರು. ತಾನು ಹಾಕಿಲ್ಲ. ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು. ಬಾಣಂತಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬಾಣಂತಿ ಕೋಣೆ ಬಿಟ್ಟು ಬರುವುದುಂಟೇ?

ಐದನೇ ದಿನಕ್ಕೆ ಗಿಡದ ಹಳೇ ಎಲೆ ಸುಕ್ಕಾಗುವುದು ಬಿಟ್ಟು ಉಬ್ಬತೊಡಗಿತು. ಇನ್ನೂ ನಾಲ್ಕು ದಿನ ಹೀಗೇ ಆದರೆ ಅದು ಉಳಿಯುವುದಿಲ್ಲ. ಹೆಂಡತಿ ಮುಟ್ಟಿ ಆಡಿಸಿದ್ದ ಜೀವದಲ್ಲಿ ಅವನಿಗೆ ಉಳಿದಿದ್ದು ಅದೊಂದೇ. ತಟ್ಟೆಯನ್ನು ಬೇರೆ ಕಡೆ ಇಡಲು ಎತ್ತಿದ, ಆದರೆ ಕೈ ಬರಲಿಲ್ಲ. ಬಂದವಳು ಹುಡುಕಿದರೆ? ಅಲ್ಲೇ ಇಟ್ಟ. ಬಂದವಳು ಅಂತ ಅವನು ಆಗಲೇ ಮನಸ್ಸಿನಲ್ಲಿ ಅಂದುಕೊಳ್ಳತೊಡಗಿದ್ದ. ಊಟ ಸೇರಲಿಲ್ಲ. ಅಂಗಡಿಯಲ್ಲಿ ಕೂತರೆ ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿದ ಹಾಗಾಗುತ್ತಿತ್ತು. ಭಯವೂ ಆಗುತ್ತಿತ್ತು, ಒಳಗೊಳಗೇ ಒಂಥರಾ ಸಂತೋಷವೂ ಆಗುತ್ತಿತ್ತು. ಆರು ವರ್ಷವಾದ ಮೇಲೆ ಬಂದಿದ್ದಾಳಲ್ಲ.

ಏಳನೇ ದಿನ ತಡೆಯಲಾರದೆ ಅಕ್ಕನಿಗೆ ಹೇಳಿದ. ಸಿದ್ದಲಿಂಗಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಕೊನೇ ಗಳಿಗೇಲಿ ಅವಳ ಬಾಯಿಗೆ ನೀರು ಬುಟ್ಟಿದ್ಯೇನ್ಲಾ?"

ಅವನು ನೆಲದ ಮೇಲೆ ಬಿದ್ದಿದ್ದ ಅಡಿಕೆ ಚೂರು ಆಯತೊಡಗಿದ. ಅವಳು ಇನ್ನೊಮ್ಮೆ ಕೇಳಲಿಲ್ಲ. ಮುಖ ನೋಡಿದವಳೇ ಕುಟ್ಟಾಣಿ ಪಕ್ಕಕ್ಕಿಟ್ಟು, ಕೂಸಿರುವ ಮನೆ, ಬೇಗ ಏನಾದರೂ ಮಾಡು ಅಂದಳು. ಅಷ್ಟು ಸಾಕಾಯಿತು ಅವನಿಗೆ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಎದ್ದ. ಅಟ್ಟದಿಂದ ಒಳಲೆ ತೆಗೆದು ಕಂಠಮಟ್ಟ ನೀರು ತುಂಬಿದ. ಆ ಗಿಡಕ್ಕೆ ತಾನೇ ಕೈಯಾರೆ ಬಿಡುವುದು ಅಂತ ತೀರ್ಮಾನ ಮಾಡಿದ್ದ. ಗಿಡ ಸಾಯುತ್ತದೆ, ಗೊತ್ತು. ಸತ್ತರೆ ಸಾಯಲಿ, ಆವತ್ತು ಕೊಡದೆ ಹೋದ ಗುಟುಕನ್ನು ಇವತ್ತಾದರೂ ಕೊಟ್ಟ ಹಾಗಾಗಲಿ. ಮೊಳೆಗೆ ಕೈಹಾಕಿದರೆ ಬೀಗದ ಕೈ ಇಲ್ಲ. ಹಿತ್ತಲಲ್ಲಿ ಅಕ್ಕ ಬಾಣಂತಿ ಸ್ನಾನಕ್ಕೆ ಹಂಡೆ ಒಲೆ ಹೊತ್ತಿಸುತ್ತಿದ್ದ ಸದ್ದು. ಮೇಲೆ ತಾರಸಿಯ ಬಾಗಿಲು ತೆರೆದಿತ್ತು.

ಒಂದೊಂದೇ ಮೆಟ್ಟಿಲು ಹತ್ತಿದ. ತುಂಬಿದ ಒಳಲೆಯಿಂದ ನೀರು ಬೆರಳ ಮೇಲೆ ಚೆಲ್ಲುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದರೆ, ಗಿಡಕ್ಕೆ ಮಳೆನೀರು ಹಿಡಿದಿಡುವ ನಲ್ಲಿ ಮಡಕೆಯ ಮುಂದೆ ಒಂದು ಹೆಂಗಸು ಬಗ್ಗಿ ನಿಂತಿದ್ದಳು. ಮೈಮೇಲೆ ಯಶೋದಮ್ಮನ ಊದಾ ಸ್ವೆಟರು. ತಲೆಗೆ ಬಟ್ಟೆ. ನಲ್ಲಿಗೆ ಬೊಗಸೆಯೊಡ್ಡಿ, ಎಷ್ಟೋ ದಿನದಿಂದ ನೀರು ಕಾಣದವಳ ಹಾಗೆ ಕುಡಿಯುತ್ತಿದ್ದಳು. ಮೊಣಕೈಯಿಂದಿಳಿದ ನೀರು ಮಡಕೆಯ ಕೆಳಗೆ ನೆರಳಿಗಿಟ್ಟಿದ್ದ ಯಶೋದಮ್ಮನ ಗಿಡದ ತಟ್ಟೆಗೆ ತೊಟ್ಟಿಕ್ಕುತ್ತಿತ್ತು.

"ಯಶೋದಾ," ಅಂದ ಪುಟ್ಟರಾಜು.

ಅವಳು ಬೆಚ್ಚಿ ತಿರುಗಿದಳು. ಕೀರ್ತನ. ತುಟಿ ಒಡೆದಿತ್ತು. ಗಲ್ಲದಿಂದ ನೀರು ಇಳಿಯುತ್ತಿತ್ತು. ಇಪ್ಪತ್ತೆಂಟು ವರ್ಷದ, ಒಂದು ಕ್ಲಾಸಿನ ಐವತ್ತು ಮಕ್ಕಳನ್ನು ಅಂಕೆಯಲ್ಲಿಡುವ ಹೆಂಗಸು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಅತ್ತೆಗೆ ಹೇಳ್ಬೇಡ ಕಣಪ್ಪ. ಒಂದೇ ಒಂದು ಗುಟುಕು ಕುಡಿದೆ."

ಪುಟ್ಟರಾಜು ಹೊಸ್ತಿಲ ಮೇಲೆ ಕೂತ. ಇದೇ ಮನೆ, ಇದೇ ಮಾತು, ಬೇಡ ಅಂದ ಬಾಯಿಯೂ ಇದೇ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆಮೇಲೆ ಕೈಯಲ್ಲಿದ್ದ ಒಳಲೆಯನ್ನು ಅವಳತ್ತ ಚಾಚಿದ. ಇದನ್ನ ಕರಗಿಸಿಬಿಟ್ಟೆ ಅಂದಿದ್ಯಲ್ಲ ಅಂದಳು ಮಗಳು.

"ಸುಳ್ಳು ಹೇಳಿದ್ದೆ. ಕುಡಿ ಮಗ."

ಅವಳು ಕುಡಿದಳು. ಅವನು ಮಡಕೆಯಿಂದ ಮತ್ತೆ ತುಂಬಿಕೊಟ್ಟ. ಮತ್ತೆ ತುಂಬಿದ. ಎಷ್ಟು ಒಳಲೆಯಾಯಿತೋ ಅವನು ಲೆಕ್ಕ ಇಡಲಿಲ್ಲ. ಕೆಳಗಿಂದ ಸಿದ್ದಲಿಂಗಮ್ಮ, ಕೂಸು ಅಳ್ತಾ ಐತೆ, ಬಾಣಂತಿ ಎಲ್ಲೋದ್ಲು ಅಂತ ಕೂಗಿದಳು. ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡದವನು ಮೆಟ್ಟಿಲ ಮೇಲಿಂದಲೇ, ನೀರು ಕುಡೀತಾವ್ಳೆ ಅಕ್ಕ, ಕುಡೀಲಿ ಬುಡು ಅಂದ. ಅವತ್ತಿನಿಂದ ಬಾಣಂತಿಯ ಮಂಚದ ಪಕ್ಕ ದೊಡ್ಡ ತಾಮ್ರದ ಚೊಂಬು ತುಂಬಿಡುವುದು ಅವನದೇ ಕೆಲಸವಾಯಿತು. ಸಿದ್ದಲಿಂಗಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಾನೇ ತುಂಬಿಟ್ಟಳು. ಒಳಲೆ ಕೂಸಿನ ತೊಟ್ಟಿಲ ಹತ್ತಿರ ಹೋಯಿತು. ಯಶೋದಮ್ಮನ ಗಿಡ ಆ ವಾರವೇ ಮೆತ್ತಗಾಗಿ ಕೊಳೆಯಿತು. ಕೀರ್ತನ ಕಣ್ಣೀರು ಹಾಕಿದಾಗ, ಹೋಗ್ಲಿ ಬುಡವ್ವ ಅಂದ. ಮನಸ್ಸಿನಿಂದಲೇ ಅಂದ.

ಆದರೆ ಒಂದು ಮಾತು ಹೇಳದೆ ಮುಗಿಸಿದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ಮಗಳಿಗೆ ನೀರು ಕುಡಿಸಿದ ಮಾರನೇ ದಿನವೂ ಪುಟ್ಟರಾಜು ಬೆಳಕು ಹರಿಯುವ ಮೊದಲೇ ತಾರಸಿಗೆ ಹೋಗಿದ್ದ. ಎಲ್ಲ ಗೊತ್ತಿದ್ದೂ ಹೋಗಿದ್ದ. ಮಡಕೆಯ ಕೆಳಗೆ ಬಗ್ಗಿ, ತಟ್ಟೆಯ ಮಣ್ಣಿಗೆ ಬೆರಳಿಟ್ಟು ನೋಡಿದ. ಒಣಗಿತ್ತು. ಹೆಂಡತಿ ಸತ್ತ ದಿನ ಅಳದವನು, ಹೊಳೆದಂಡೆಯಲ್ಲೂ ಅಳದವನು, ಆವತ್ತು ಆ ಒಣಮಣ್ಣಿನ ಮುಂದೆ ಕೂತು ಬಿಸಿಲೇರುವವರೆಗೂ ಅತ್ತ.